ಪರದೆಯ ಮೇಲೆ ತೆರೆದ ಕಣ್ಣು

ವಿಗ್ರಹ ಕೆತ್ತುವ ಆಚಾರ್ರು ಆ ಮಾತನ್ನು ನನಗೆ ಮೊದಲೇ ಹೇಳಿದ್ದರೋ, ಇಲ್ಲ ಎಲ್ಲ ಕೆಟ್ಟ ಮೇಲೆ ಹೇಳಿದರೋ ಎಂಬುದು ಇವತ್ತಿಗೂ ನನ್ನೊಳಗೆ ಇತ್ಯರ್ಥವಾಗಿಲ್ಲ. ಮಾತೇನೋ ನೆನಪಿದೆ. "ಕಣ್ಣು ಅಲ್ಲಿಗ್ ಹೋದ್ಮೇಲೆ ಸಾರ್. ಇಲ್ಲಿ ತೆಗ್ಯೋ ಹಂಗಿಲ್ಲ." ಉಳಿ ಕೆಳಗಿಟ್ಟು, ಕಲ್ಲಿನ ದೂಳಿಗೆಂದು ಬಾಯಿಗೆ ಕಟ್ಟಿದ್ದ ಬಟ್ಟೆಯನ್ನು ಗದ್ದಕ್ಕೆ ಸರಿಸಿ ಹೇಳಿದ್ದರು. ಅವರನ್ನು ನೋಡುತ್ತಾ ನಿಂತಿದ್ದ ನನಗೆ ಬಿಸಿಲು ಎಡಗಡೆಯಿಂದ ಹೊಡೆಯುತ್ತಿತ್ತು. ಅದು ಬೆಳಗಿನ ಬಿಸಿಲೋ ಸಂಜೆಯದೋ ಗೊತ್ತಾದರೆ ಸಾಕು, ಉಳಿದದ್ದೆಲ್ಲ ತೀರ್ಮಾನವಾಗುತ್ತದೆ. ಅವರ ಕೆತ್ತನೆಯ ಶೆಡ್ಡಿಗೆ ನಾನು ಹೋದದ್ದು ಎರಡೇ ಸಲ. ಮೊದಲ ಸಲ ಬೆಳಿಗ್ಗೆ, ತಪ್ಪು ಮಾಡುವುದಕ್ಕೆ ಮುಂಚೆ. ಎರಡನೇ ಸಲ ಸಂಜೆ, ಮಾಡಿದ ಮೇಲೆ.

ಹೊಸ ಶತಮಾನದ ಮೊದಲ ಎರಡು ಮೂರು ವರ್ಷಗಳಲ್ಲಿ ನಡೆದದ್ದು. ನಾನು ಮುಳಬಾಗಿಲಿನವನು. ಅಜ್ಜನದು ಪೌರೋಹಿತ್ಯ, ಅಪ್ಪ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದವರು. ನಾನು ಬೆಂಗಳೂರಿನಲ್ಲಿ ತತ್ವಶಾಸ್ತ್ರ ಓದಿ, ಯಾರ ಮಾತನ್ನೂ ಸುಮ್ಮನೆ ಒಪ್ಪಬಾರದು ಎಂಬುದೊಂದನ್ನು ಗಟ್ಟಿಯಾಗಿ ಕಲಿತು ಕೋಲಾರಕ್ಕೆ ಬಂದಿದ್ದೆ. ತತ್ವಶಾಸ್ತ್ರಕ್ಕೆ ಕೆಲಸವಿರಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುತ್ತಾ, ಕೇಳಿದವರಿಗೆ ವೆಬ್‌ಸೈಟ್ ಮಾಡಿಕೊಡುತ್ತಿದ್ದೆ.

ಚಿತ್ರಗಳನ್ನು ಓಡಾಡಿಸುವ ಒಂದು ತಂತ್ರಾಂಶ ಆಗ ನನ್ನ ಕೈಗೆ ಹತ್ತಿತ್ತು. ಅದು ಹತ್ತಿದ ಮೇಲೆ ಅಕ್ಷರಗಳೂ ಫೋಟೋಗಳೂ ಸತ್ತ ವಸ್ತುಗಳಂತೆ ಕಾಣತೊಡಗಿದವು. ಶ್ರೀನಿವಾಸಪುರದ ಒಬ್ಬ ಮಾವಿನ ಮಂಡಿಯವರಿಗೆ ಒಂದು ಸೈಟ್ ಮಾಡಿದೆ. ತೆರೆದ ಕೂಡಲೇ ಮರ ಅಲುಗಾಡಿ, ಕಾಯಿಗಳು ಒಂದೊಂದಾಗಿ ಉದುರಿ, ನೆಲ ಮುಟ್ಟುವಷ್ಟರಲ್ಲಿ ಹಣ್ಣಾಗುತ್ತಿದ್ದವು. ಮಂಡಿಯವರು ಬಂದವರಿಗೆಲ್ಲ ತೋರಿಸಿ ಹಿಗ್ಗಿದರು. ಹೊರ ಊರಿನಿಂದ ನೋಡಿ ಫೋನ್ ಮಾಡಿದವರು ಮಾತ್ರ ಒಬ್ಬರೂ ಇಲ್ಲ. ನಂಬರು ಬರುತ್ತಿದ್ದುದು ಕೊನೆಯ ಹಣ್ಣು ಬಿದ್ದ ಮೇಲೆ, ಅಲ್ಲಿಯವರೆಗೆ ಕಾಯುವ ವ್ಯಾಪಾರಿ ಯಾರು? ಶ್ರಾವಣ ಬಂದಾಗ ಅವರೇ ಫೋನ್ ಮಾಡಿದರು.

"ಏಮಯ್ಯಾ, ಸೀಸನ್ ಮುಗ್ದು ತೋಪೆಲ್ಲ ಖಾಲಿ ಆಗೈತೆ. ನಿನ್ ಮರದಲ್ಲಿ ಇನ್ನೂ ಉದುರ್ತಾನೇ ಅವೆಯಲ್ಲಯ್ಯಾ. ನೋಡ್ದೋರು ನಗ್ತಾವ್ರೆ, ನಿಲ್ಸು."

ನಿಲ್ಲಿಸಬೇಕಾದರೆ ಇಡೀ ಚಿತ್ರವನ್ನು ಬಿಚ್ಚಿ ಮತ್ತೆ ಕಟ್ಟಬೇಕಿತ್ತು. ನಾನೂ ನಕ್ಕು ಸುಮ್ಮನಾದೆ. ಆಗಲೇ ಎಚ್ಚರವಾಗಬೇಕಿತ್ತು.

ಆಚಾರ್ರ ಮಗಳು ಸೆಂಟರಿನಲ್ಲಿ ನನ್ನ ವಿದ್ಯಾರ್ಥಿನಿ. ಟೇಕಲ್‌ನಿಂದ ಆಚೆ, ಮನೆಗೊಬ್ಬ ಶಿಲ್ಪಿ ಇದ್ದ ಹಳ್ಳಿಯಿಂದ ಮಾಲೂರಿಗೆ ಬಂದು ಬಸ್ಸು ಬದಲಿಸಿ ದಿನಾ ಕೋಲಾರಕ್ಕೆ ಬರುತ್ತಿದ್ದಳು. ಅವಳ ಅಪ್ಪನಿಗೆ ಪುಣೆಯಲ್ಲಿ ನೆಲೆಸಿದ ಕನ್ನಡದವರು ತಮ್ಮ ಹೊಸ ಗುಡಿಗೆಂದು ವೇಣುಗೋಪಾಲನ ವಿಗ್ರಹದ ಕೆಲಸ ಒಪ್ಪಿಸಿದ್ದರು. ಎಂಟು ತಿಂಗಳಿನಿಂದ ಅವರು ಬೇರೆ ಕೆಲಸ ಮುಟ್ಟಿರಲಿಲ್ಲ. ಮೂರು ಅಡಿ ಕಪ್ಪು ಕಲ್ಲು. ಗುಡಿಯ ಸಮಿತಿಯ ಐದು ಜನ ಪುಣೆಯಲ್ಲೇ ಒಬ್ಬೊಬ್ಬರು ಒಂದೊಂದು ಮೂಲೆಯಲ್ಲಿದ್ದರು. ಎಲ್ಲರೂ ಇಂಟರ್ನೆಟ್ಟಿನಲ್ಲಿ ನೋಡಿ ಒಪ್ಪಿದ ಮೇಲೆ ವಿಗ್ರಹವನ್ನು ಲಾರಿಗೆ ಹಾಕುವುದು ಎಂದು ಮಾತಾಗಿತ್ತು.

"ಒಂದು ಫೋಟೋ ಹಾಕಿ ಸಾರ್, ಕೆಳ್ಗೆ ಅಪ್ಪನ ಹೆಸ್ರು, ಫೋನ್ ನಂಬರ್. ಅಷ್ಟು ಸಾಕು" ಎಂದಳು ಅವಳು. ಮಾಲೂರಿನ ಸ್ಟುಡಿಯೋದವನನ್ನು ಕರೆಸಿ ತೆಗೆಸಿದ ಫೋಟೋ ತಂದಿದ್ದಳು.

"ಅಷ್ಟಕ್ಕೆ ನಾನ್ಯಾಕೆ ಬೇಕಮ್ಮ?" ಎಂದೆ.

ಒಂದು ಬೆಳಿಗ್ಗೆ ಅವರ ಶೆಡ್ಡಿಗೆ ಹೋದೆ. ಆಚಾರ್ರು ಕೊಳಲು ಹಿಡಿದ ಬೆರಳುಗಳ ಉಗುರನ್ನು ತೀಡುತ್ತಿದ್ದರು. ಉಳಿಯ ಸದ್ದನ್ನು ಟೇಪಿಗೆ ಹಿಡಿದುಕೊಂಡೆ. ಏನೇನೋ ಕೇಳಿದೆ, ಅವರು ಏನೇನೋ ಹೇಳಿದರು. ಕಣ್ಣಿನ ಮಾತು ಅದರಲ್ಲಿತ್ತೇ? ನನಗಿರುವ ಸಂಶಯ ಇದೊಂದೇ.

ಕೋಲಾರಕ್ಕೆ ಬಂದು ಹದಿನೈದು ದಿನ ಕೂತು ಮಾಡಿದೆ. ಮೊದಲು ಕತ್ತಲು. ಉಳಿಯ ಟಣ್ ಟಣ್. ಒಂದು ಬಂಡೆ, ಅದರಿಂದ ಚಕ್ಕೆಗಳು ಹಾರುತ್ತವೆ. ಕಿರೀಟ, ಭುಜ, ಕೊಳಲು ಒಂದೊಂದಾಗಿ ಮೂಡುತ್ತವೆ. ಕೊನೆಗೆ ಮುಖ ಹತ್ತಿರ ಬರುತ್ತದೆ, ಗಂಟೆ ಬಾರಿಸುತ್ತದೆ, ರೆಪ್ಪೆಗಳು ಮೇಲೇಳುತ್ತವೆ, ದೇವರು ನೋಡುವವರನ್ನು ನೋಡುತ್ತಾನೆ. ಆಮೇಲೆ ಒಳಗೆ ಹೋಗುವ ಗುಂಡಿ. ನೋಡದೆ ದಾಟಿಹೋಗಲು ಒಂದು ಗುಂಡಿ ಇಡುವ ವಾಡಿಕೆ ಆಗಲೂ ಇತ್ತು. ನಾನು ಇಡಲಿಲ್ಲ. ನನ್ನ ಕೆಲಸವನ್ನು ದಾಟಿಹೋಗುವ ಮನುಷ್ಯನನ್ನು ನನಗೆ ಕಲ್ಪಿಸಿಕೊಳ್ಳಲಾಗಲಿಲ್ಲ.

ಮಾಲೂರಿನವನ ಫೋಟೋದಲ್ಲಿ ಕಣ್ಣಿನ ಜಾಗ ಬರಿಯ ಉಬ್ಬು. ರೆಪ್ಪೆಯ ಗೆರೆ ಇಲ್ಲ, ಪಾಪೆ ಇಲ್ಲ. ಸ್ಕ್ಯಾನರ್ ಮಸುಕು ಮಾಡಿದೆ ಎಂದುಕೊಂಡು ಮೌಸ್ ಹಿಡಿದು ಕಣ್ಣನ್ನು ನಾನೇ ಬರೆದೆ. ಮಸುಕು ಎಂದುಕೊಂಡೆ ಎಂದು ಈಗ ಹೇಳುತ್ತಿದ್ದೇನೆ. ಆಗ ನಿಜವಾಗಿ ಹಾಗೇ ಅಂದುಕೊಂಡೆನೇ? ಕೊಳಲಿನ ರಂಧ್ರಗಳನ್ನು ಎಣಿಸಬಹುದಾದಷ್ಟು ಸ್ಪಷ್ಟವಿದ್ದ ಫೋಟೋ ಅದು.

ಸೈಟನ್ನು ಇಂಟರ್ನೆಟ್ಟಿಗೆ ಹತ್ತಿಸಿದ ವಾರದಲ್ಲಿ ಸಮಿತಿಯ ಕಾರ್ಯದರ್ಶಿ ಸೆಂಟರಿಗೆ ಫೋನ್ ಮಾಡಿದರು. ಬಹಳ ಮರ್ಯಾದೆಯ ಮನುಷ್ಯ. "ನಮ್ಮಲ್ಲಿ ಒಬ್ರಿಗೆ ಬರೀ ಬಿಳಿ ಹಾಳೆ ಬರ್ತಿದೆಯಂತೆ. ಇನ್ನೊಬ್ರಿಗೆ ಯಾವುದೋ ಪ್ಲೇಯರ್ ಹಾಕ್ಕೊಳ್ಳಿ ಅಂತ ಕೇಳ್ತಿದೆಯಂತೆ. ನಂಗೆ ಶೇಕಡಾ ಹನ್ನೆರಡಕ್ಕೆ ನಿಂತಿದೆ. ಸ್ವಲ್ಪ ನೋಡಿ." ನಾನು ಅವರ ಕಂಪ್ಯೂಟರುಗಳನ್ನು ದೂರಿದೆ. ಎರಡು ದಿನ ಬಿಟ್ಟು ಇನ್ನೊಂದು ಕರೆ. ಒಬ್ಬರು ಕಚೇರಿಯಲ್ಲಿ ತೆರೆದಾಗ ಉಳಿಯ ಸದ್ದು ಇಡೀ ಮಹಡಿಗೆ ಕೇಳಿಸಿ ಪೇಚಾಟವಾಯಿತಂತೆ. ನಾನು ಸೆಂಟರಿನವರಿಗೆಲ್ಲ ಅದನ್ನು ಹೇಳಿ ನಗಿಸಿದೆ.

ಮೂರನೇ ಕರೆ ಶನಿವಾರ ಮಧ್ಯಾಹ್ನ ಬಂತು. ಈ ಸಲ ಅವರ ದನಿಯಲ್ಲಿ ಮರ್ಯಾದೆಯಿತ್ತು, ಸಲಿಗೆಯಿರಲಿಲ್ಲ.

"ನಮ್ಮ ಹಿರಿಯರೊಬ್ಬರು ಮೊಮ್ಮಗನ ಮನೆಯಲ್ಲಿ ಪೂರ್ತಿ ನೋಡಿದ್ರು. ವಿಗ್ರಹಕ್ಕೆ ಕಣ್ಣು ತೆಗೆದುಬಿಟ್ಟಿದ್ದೀರಂತೆ. ಪರದೆ ಇಲ್ಲ, ಕನ್ನಡಿ ಇಲ್ಲ, ಸಿಕ್ಕಸಿಕ್ಕವರ ಎದುರಿಗೆ. ಈ ವಿಗ್ರಹ ನಮಗೆ ಬೇಡ ಅಂತಿದ್ದಾರೆ. ನಾಳೆ ಹನ್ನೊಂದಕ್ಕೆ ಐದೂ ಜನ ಒಂದು ಸೈಬರ್ ಕೆಫೆಯಲ್ಲಿ ಸೇರಿ ನೋಡಿ ತೀರ್ಮಾನ ಮಾಡ್ತೀವಿ. ಆಚಾರ್ಯರಿಗೆ ತಿಳಿಸಿಬಿಡಿ."

ಶಿಲ್ಪಿ ವಿಗ್ರಹವನ್ನೆಲ್ಲ ಮುಗಿಸಿದರೂ ಕಣ್ಣನ್ನು ಬಿಟ್ಟಿರುತ್ತಾನೆ. ಪ್ರತಿಷ್ಠೆಯ ದಿನ ಗುಡಿಯೊಳಗೆ ಪರದೆ ಕಟ್ಟಿಸಿ, ಒಬ್ಬನೇ ಒಳಗೆ ಹೋಗಿ ಉಳಿಯಿಂದ ಕಣ್ಣು ಕೊರೆಯುತ್ತಾನೆ, ಕಣ್ಣು ತೆಗೆಯುವುದು ಎಂದರೆ ಅದೇ. ದೇವರ ಮೊದಲ ನೋಟ ಕನ್ನಡಿಯ ಮೇಲೆ ಬೀಳಬೇಕು, ಆಮೇಲೆ ಕರುವಿನ ಜೊತೆಗಿರುವ ಹಸುವಿನ ಮೇಲೆ. ಮನುಷ್ಯರ ಮೇಲೆ ಅಲ್ಲ. ನಾನು ಲೋಕದಲ್ಲಿ ಯಾರು ಬೇಕಾದರೂ ಎದುರು ಕೂತು ತೆರೆಯಬಹುದಾದ ಕಡೆ ಆ ಕಣ್ಣು ತೆರೆಸಿದ್ದೆ. ತೆರೆದಷ್ಟು ಸಲವೂ ಹೊಸದಾಗಿ. ಪುರೋಹಿತರ ಮೊಮ್ಮಗನಾದ ನನಗೆ ಇದು ಗೊತ್ತಿರಲಿಲ್ಲ ಎಂದರೆ ಯಾರು ನಂಬುತ್ತಾರೆ? ನನಗೇ ನಂಬಿಕೆಯಿಲ್ಲ.

ಒಂದು ಸಮಿತಿ ಹೀಗೆ ಬೇಡವೆಂದ ವಿಗ್ರಹವನ್ನು ಇನ್ನೊಂದು ಗುಡಿ ತೆಗೆದುಕೊಳ್ಳುವುದಿಲ್ಲ. ಅದು ಶೆಡ್ಡಿನ ಮೂಲೆಯಲ್ಲಿ ನಿಂತು, ಬಂದವರಿಗೆಲ್ಲ ಆಚಾರ್ರ ತಪ್ಪೆಂದು ಕಾಣುತ್ತಲೇ ಇರುತ್ತದೆ.

ಭಾನುವಾರ ಒಂಬತ್ತಕ್ಕೆ ಅಪ್ಪ ಮಗಳು ಸೆಂಟರಿಗೆ ಬಂದರು. ಆಚಾರ್ರು ಚಪ್ಪಲಿ ಹೊರಗೆ ಬಿಟ್ಟು ಬಾಗಿಲಲ್ಲೇ ನಿಂತರು.

"ಸಾರ್, ದೇವ್ರಿಗೆ ಕಣ್ ಬರ್ದಿದೀರಂತಲ್ಲ?"

"ಅದು ಚಿತ್ರ ಆಚಾರ್ರೇ. ಕಲ್ಲಿಗೇನೂ ಆಗಿಲ್ಲವಲ್ಲ?"

"ಕಲ್ಲಿಗೇನೂ ಆಗಿಲ್ಲ ಅಂತ ನಂಗೊತ್ತು, ನಿಮ್ಗೊತ್ತು. ಅವ್ರು ನೋಡಿರೋದು ಕಲ್ಲನ್ನಲ್ಲವಲ್ಲ."

ನನಗೆ ಸಿಟ್ಟು ಬಂತು. "ನೀವೂ ನೋಡಿದ್ರಲ್ಲ, ನಾನು ಮಾಡಿ ಮುಗಿಸಿದ ದಿನ, ಇದೇ ಕುರ್ಚಿ ಮೇಲೆ ಕೂತು? ಚೆನ್ನಾಗೈತೆ ಅಂದ್ರಿ."

"ಕೊಳಲು ಬರೋ ಹೊತ್ಗೆ ಕರೆಂಟ್ ಹೋಯ್ತು ಸಾರ್" ಎಂದಳು ಮಗಳು. "ಅಪ್ಪ ಚೆನ್ನಾಗೈತೆ ಅಂದಿದ್ದು ಕಾಫಿಗೆ."

ಆಚಾರ್ರು ಕೊನೆಯವರೆಗೆ ನೋಡಿ ತಲೆದೂಗಿದ್ದು ನನ್ನ ಕಣ್ಣಿಗೆ ಕಟ್ಟಿದಂತಿತ್ತು. ಈಗ ಅವಳು ಹೇಳಿದ ಮೇಲೆ ಯುಪಿಎಸ್ ಕುಂಯ್‌ಗುಟ್ಟಿ ಪರದೆ ಆರಿದ್ದೂ ನೆನಪಾಯಿತು. ಎರಡೂ ನಿಜವಾಗಿರಲು ಸಾಧ್ಯವಿರಲಿಲ್ಲ.

ಕಣ್ಣನ್ನಷ್ಟೇ ಅಳಿಸಿದರೆ ಆಯಿತು ಎಂದು ಕೂತೆ. ಆಗ ತಿಳಿಯಿತು, ನನ್ನ ಬಳಿ ಇದ್ದದ್ದು ಕಟ್ಟಿ ಮುಗಿಸಿದ ಗಂಟು ಮಾತ್ರ. ಬಿಚ್ಚಬಹುದಾದ ಮೂಲ ಫೈಲು ಹಿಂದಿನ ವಾರ ವೈರಸ್ ಬಂದು ಫಾರ್ಮ್ಯಾಟ್ ಮಾಡಿದ ಮೆಷಿನ್ನಿನಲ್ಲಿ ಹೋಗಿತ್ತು. ಒಂದು ಪ್ರತಿ ಫ್ಲಾಪಿಗಳಲ್ಲಿ ಹಂಚಿಟ್ಟಿದ್ದೆ. ಮೂರನೇ ಫ್ಲಾಪಿ ಗರಗರ ಎಂದು ಓದದೆ ಹೊರಬಂತು. ಫೋಟೋ, ಆಚಾರ್ರ ಹೆಸರು, ಊರು, ನಂಬರು ಎಲ್ಲವನ್ನೂ ನಾನು ಆ ಗಂಟಿನೊಳಗೇ ಸೇರಿಸಿದ್ದೆ. ಒಂದು ಎಳೆಯನ್ನೂ ಹೊರಗೆ ಎಳೆಯಲಾಗುತ್ತಿರಲಿಲ್ಲ. ಹತ್ತು ಗಂಟೆಯಾಯಿತು. ಫ್ಯಾನಿನ ಕೆಳಗೂ ಬೆವರಿದೆ.

"ಅದನ್ನ ಪೂರ್ತಿ ತೆಗ್ದು ಹಾಕಿ ಸಾರ್" ಎಂದಳು ಮಗಳು.

"ತೆಗೆದು ಏನು ತೋರಿಸೋದು?"

ಅವಳು ಬ್ಯಾಗಿನಿಂದ ಒಂದು ಫ್ಲಾಪಿ ತೆಗೆದಳು. ಸ್ಕ್ಯಾನ್ ಮಾಡಿದ ದಿನವೇ ಫೋಟೋವನ್ನು ತನಗೊಂದು ಇಟ್ಟುಕೊಂಡಿದ್ದಳು. "ಇದು ಸಾಕು."

ಒಂದು ಪುಟ, ಒಂದು ಫೋಟೋ, ಕೆಳಗೆ ನಾಲ್ಕು ಸಾಲು. ನನ್ನನ್ನು ಪಕ್ಕಕ್ಕೆ ಸರಿಸಿ ಅವಳೇ ಟೈಪ್ ಮಾಡಿದಳು. ಸೆಂಟರಿನ ಒಂದೇ ಲೈನಿನಲ್ಲಿ ಫೋನೂ ಇಂಟರ್ನೆಟ್ಟೂ ಎರಡೂ. ಪುಟ ಹತ್ತುವವರೆಗೆ ಪುಣೆಗೆ ಫೋನ್ ಮಾಡುವಂತಿಲ್ಲ. ಸಂಪರ್ಕ ಎರಡು ಸಲ ತುಂಡಾಯಿತು. ಪುಟ ಹತ್ತಿ, ಲೈನ್ ಬಿಟ್ಟು, ನಾನು ರಿಸೀವರ್ ಎತ್ತಿದಾಗ ಹನ್ನೊಂದೂ ಹತ್ತು.

"ಇಲ್ಲ ಸ್ವಾಮಿ, ಹಳೇದೇ ಬರ್ತಿದೆ" ಎಂದರು ಕಾರ್ಯದರ್ಶಿ. ಅವರ ಹಿಂದೆ ನನ್ನ ಉಳಿಯ ಸದ್ದು ಕೇಳಿಸಿತು. ಟಣ್. ಟಣ್. ಬೆಳಿಗ್ಗೆ ಅವರು ಅದೇ ಮೆಷಿನ್ನಿನಲ್ಲಿ ಒಮ್ಮೆ ತೆರೆದಿದ್ದರಂತೆ. ನಾವು ತೆಗೆದುಹಾಕಿದ್ದನ್ನು ಅದು ತನ್ನೊಳಗೆ ಇಟ್ಟುಕೊಂಡು, ಕೇಳಿದಾಗಲೆಲ್ಲ ತೋರಿಸುತ್ತಿತ್ತು. ಇನ್ನು ಅರ್ಧ ನಿಮಿಷದಲ್ಲಿ ಗಂಟೆ ಬಾರಿಸುತ್ತದೆ, ಕಣ್ಣು ತೆರೆಯುತ್ತದೆ, ಈ ಸಲ ಐದೂ ಜನರ ಎದುರಿಗೆ.

"ಮುಚ್ಚಿಬಿಡಿ! ಮುಚ್ಚಿ ಅದನ್ನ!" ಎಂದು ಕೂಗಿದೆ.

ಮಗಳು ನನ್ನ ಕೈಯಿಂದ ರಿಸೀವರ್ ತೆಗೆದುಕೊಂಡಳು. "ಸಾರ್, ಬೇರೆ ಅಡ್ರೆಸ್ ಹೇಳ್ತೀನಿ, ಬರ್ಕೊಳಿ" ಎಂದು ಹೊಸ ಪುಟದ ವಿಳಾಸವನ್ನು ಒಂದೊಂದೇ ಅಕ್ಷರವಾಗಿ, ಬ್ಯಾಂಕಿನಲ್ಲಿ ನಂಬರು ಹೇಳುವವರ ಹಾಗೆ ಹೇಳಿದಳು. ಆಮೇಲೆ ನನಗೆ ವಾಪಸ್ ಕೊಟ್ಟಳು.

"ಬರ್ತಿದೆ" ಎಂದರು ಅವರು. "ಮೇಲಿಂದ ಇಷ್ಟಿಷ್ಟೇ ಇಳೀತಿದೆ. ಕಿರೀಟ."

"ಕಿರೀಟ ಬಂತಂತೆ" ಎಂದೆ. ಆಚಾರ್ರು ಬೆಂಚಿನ ಮೇಲೆ ಕೂತು ಎರಡೂ ಅಂಗೈಗಳನ್ನು ಮಂಡಿಯ ಮೇಲೆ ಒತ್ತಿ ಹಿಡಿದಿದ್ದರು.

"ಹಣೆ ಅರ್ಧ."

"ಹಣೆ."

"ನಿಂತ್ಬಿಟ್ಟಿದೆ."

ಎಷ್ಟು ಹೊತ್ತು ನಿಂತಿತೋ. ಅಲ್ಲಿ ಕೆಫೆಯಲ್ಲಿ ಯಾರೋ ಕೆಮ್ಮಿದ್ದು ಕೇಳಿಸಿತು. ಬಂದದ್ದಷ್ಟಕ್ಕೇ ನಿಂತರೆ ಅವರಿಗೆ ಕಾಣುವುದು ಮುಖವಿಲ್ಲದ ಕಿರೀಟ.

"ಹಾಂ, ಹುಬ್ಬು. ಹುಬ್ಬಿನ ಕೆಳಗೆ..." ಅವರು ಮಾತು ನಿಲ್ಲಿಸಿದರು. ನಾನು ಆಚಾರ್ರ ಮುಖ ನೋಡಿದೆ. "ಏನೂ ಇಲ್ಲ. ನುಣುಪು. ಮೂಗು ಬಂತು ಈಗ. ಕಣ್ಣಿಲ್ಲ ಕಣ್ರೀ, ಕಣ್ಣೇ ತೆಗೆದಿಲ್ಲ!"

ನಾನು ಕುರ್ಚಿಗೆ ಒರಗಿದೆ. ಆದರೆ ಫೋನಿನಲ್ಲಿ ದನಿ ಬದಲಾಯಿತು. ವಯಸ್ಸಾದ, ಅವಸರವಿಲ್ಲದ ದನಿ, ಮೊಮ್ಮಗನ ಮನೆಯಲ್ಲಿ ಪೂರ್ತಿ ನೋಡಿದ್ದ ಆ ಹಿರಿಯರದು.

"ಇದು ಕಣ್ಣು ತೆಗೆಯೋ ಮುಂಚಿನ ಫೋಟೋ ಇರಬಹುದಲ್ಲಪ್ಪಾ? ಆಮೇಲೆ ತೆಗೆದು, ಅದನ್ನ ನೋಡಿ ನೀವು ಆ ಆಟ ಬರೆದಿರಬಹುದಲ್ಲ?"

ಅವರ ಜಾಗದಲ್ಲಿ ನಾನಿದ್ದರೆ ಅದನ್ನೇ ಕೇಳುತ್ತಿದ್ದೆ. ಅಲುಗಾಡುವುದನ್ನು ಒಮ್ಮೆ ನೋಡಿದ ಕಣ್ಣಿಗೆ ಅಲುಗಾಡದ ಫೋಟೋ ಹಳೆಯದಾಗಿಯೇ ಕಾಣುತ್ತದೆ.

"ನಾನೇ ಬರ್ತೀನಿ" ಎಂದರು. "ಬೆರಳಿನಿಂದ ಮುಟ್ಟಿ ನೋಡ್ತೀನಿ. ಅಲ್ಲಿಯವರೆಗೆ ತೀರ್ಮಾನ ಬೇಡ."

ನಾಲ್ಕೈದು ದಿನ ಕಳೆದು ಬಂದರು. ಟೇಕಲ್ ಸ್ಟೇಷನ್ನಿಗೆ ನಾನೇ ಹೋಗಿ ಕರೆದುಕೊಂಡೆ. ತೆಳ್ಳಗಿನ ಮುದುಕರು, ಒಂದು ಬಟ್ಟೆ ಚೀಲ, ಕೈಯಲ್ಲೊಂದು ಕೊಡೆ. ರೈಲು ತಡವಾಗಿತ್ತು. ಆಟೋದಲ್ಲಿ ಶೆಡ್ಡು ಮುಟ್ಟುವಾಗ ಹೊತ್ತು ಇಳಿದಿತ್ತು. ಆಚಾರ್ರು ಮಡಿ ಪಂಚೆ ಉಟ್ಟು ಕಾಯುತ್ತಿದ್ದರು. ವಿಗ್ರಹದ ಮುಖಕ್ಕೆ ಅರಿಶಿನದ ಬಟ್ಟೆ ಹೊದಿಸಿದ್ದರು. ಮುದುಕರು ಕೈಕಾಲು ತೊಳೆದು ಬಂದು, ಬಟ್ಟೆ ಸರಿಸದೆ ಅದರ ಕೆಳಗೆ ಕೈ ಹಾಕಿ, ಹೆಬ್ಬೆರಳಿನಿಂದ ಮೊದಲು ಒಂದು ಕಡೆ, ಆಮೇಲೆ ಇನ್ನೊಂದು ಕಡೆ ಮೆಲ್ಲಗೆ ಸವರಿದರು. ತಮ್ಮ ಕಣ್ಣನ್ನು ಮುಚ್ಚಿಕೊಂಡಿದ್ದರು. ಪಕ್ಕದ ಶೆಡ್ಡಿನಲ್ಲಿ ಯಾರೋ ಕೆಲಸ ನಿಲ್ಲಿಸಿದರು.

"ಮುಚ್ಚೇ ಇದೆ" ಎಂದರು ಕೊನೆಗೆ. ಆಚಾರ್ರು ಬಿಟ್ಟ ಉಸಿರು ನನಗೆ ಕೇಳಿಸಿತು.

ಅವರು ಅಷ್ಟಕ್ಕೆ ಬಿಡಲಿಲ್ಲ. "ಹಾಗಾದ್ರೆ ಆ ಕಣ್ಣು ಬರೆದದ್ದು ಯಾಕೆ? ಗೊತ್ತಿದ್ದೂ ಬರೆದದ್ದಾದ್ರೆ ಅದು ಅಪಚಾರ. ಅಂಥ ಕೈಗೆ ದೇವರನ್ನ ಒಪ್ಪಿಸಿದ ಆಚಾರ್ಯರ ಮೇಲೂ ನಮಗೆ ನಂಬಿಕೆ ಉಳಿಯಲ್ಲ. ಗೊತ್ತಿಲ್ಲದೆ ಆಗಿದ್ರೆ ಬೇರೆ ಮಾತು."

ನಾನು ಬಾಯಿ ತೆರೆಯುವ ಮುಂಚೆ ಆಚಾರ್ರು ಹೇಳಿದರು. "ನಾನ್ ಹೇಳ್ಲಿಲ್ಲ ಸ್ವಾಮಿ ಅವ್ರಿಗೆ. ಪ್ಯಾಟೆಲಿ ಓದ್ದೋರು, ಅವ್ರಿಗೇನ್ ಗೊತ್ತು ಇವೆಲ್ಲ. ತಪ್ಪು ನಂದು."

ಮುದುಕರು ನನ್ನ ಕಡೆ ತಿರುಗಿದರು. "ನಿಮ್ಮ ಊರು?"

"ಮುಳಬಾಗಿಲು."

"ಮನೆಯಲ್ಲಿ ಹಿರಿಯರು ಏನು ಮಾಡ್ತಿದ್ರು?"

ಆಚಾರ್ರ ಮಗಳು ನನ್ನನ್ನೇ ನೋಡುತ್ತಿದ್ದಳು. ಅಜ್ಜನ ಕೆಲಸ ಅವಳಿಗೆ ಗೊತ್ತಿತ್ತು, ತರಗತಿಯಲ್ಲಿ ನಾನೇ ಹೇಳಿಕೊಂಡು ಗೇಲಿ ಮಾಡಿದ್ದೆ. ಪೌರೋಹಿತ್ಯ ಎಂದುಬಿಟ್ಟರೆ ಗೊತ್ತಿರಲಿಲ್ಲ ಎಂಬ ಮಾತು ಅಲ್ಲೇ ಬಿದ್ದುಹೋಗುತ್ತಿತ್ತು.

"ಅಪ್ಪ ಅಂಗಡಿಯಲ್ಲಿ ಲೆಕ್ಕ ಬರೀತಿದ್ರು" ಎಂದೆ.

ಅವರು ತಲೆಯಾಡಿಸಿ, ಲಾರಿ ಯಾವತ್ತು ಕಳಿಸುತ್ತೀರಿ ಎಂದು ಆಚಾರ್ರನ್ನು ಕೇಳಿದರು.

ವಿಗ್ರಹ ಹುಲ್ಲಿನಲ್ಲಿ ಸುತ್ತಿಕೊಂಡು ಪುಣೆಗೆ ಹೋಯಿತು. ಆಚಾರ್ರು ಹೋಗಿ ಪರದೆಯ ಒಳಗೆ ಕಣ್ಣು ತೆಗೆದು ಬಂದರು. ಅವರ ಮಗಳು ಅರ್ಧ ಗಂಟೆಯಲ್ಲಿ ಮಾಡಿದ ಪುಟ ಹಲವು ವರ್ಷ ಹಾಗೇ ಇತ್ತು, ಅದನ್ನು ನೋಡಿ ಫೋನ್ ಮಾಡಿದವರೂ ಇದ್ದರು. ನಾನು ಶ್ರೀನಿವಾಸಪುರಕ್ಕೆ ಹೋಗಿ ಮಂಡಿಯವರ ಮರವನ್ನೂ ತೆಗೆದುಹಾಕಿ ನಂಬರನ್ನು ಮೇಲಕ್ಕೆ ತಂದೆ.

ಬಿಸಿಲಿನ ವಿಷಯ ಉಳಿಯಿತು. ಇದನ್ನು ಬರೆಯುತ್ತಾ ಆ ಸಂಜೆಯನ್ನು ಮತ್ತೆ ನಿಲ್ಲಿಸಿ ನೋಡಿದೆ. ಮುದುಕರು ಬಟ್ಟೆಯ ಕೆಳಗೆ ಕೈ ಹಾಕಿದಾಗ ಅವರ ನೆರಳು ವಿಗ್ರಹವನ್ನು ದಾಟಿ ಎಡಗಡೆಯ ಗೋಡೆಯ ಮೇಲೆ ಬಿದ್ದಿತ್ತು. ಅಂದರೆ ಸಂಜೆಯ ಬಿಸಿಲು ಬಲಗಡೆಯಿಂದ ಬರುತ್ತಿತ್ತು. ಆಚಾರ್ರು ಕಣ್ಣಿನ ಮಾತು ಹೇಳಿದಾಗ ಎಡಗಡೆಯಿಂದ ಬಿದ್ದದ್ದು ಬೆಳಗಿನದು, ತಪ್ಪು ಮಾಡುವುದಕ್ಕೆ ಮುಂಚಿನದು. ನಾನು ಆ ಎರಡು ಸಲವೂ ಒಂದೇ ಜಾಗದಲ್ಲಿ ನಿಂತಿದ್ದೆನೇ ಎಂಬ ಪ್ರಶ್ನೆಯನ್ನೂ ಹಾಕಿಕೊಂಡೆ. ನಿಂತಿರಲಿಲ್ಲ ಎನ್ನಲು ಬಹಳ ಮನಸ್ಸಿದೆ.

ಆಮೇಲೆ ಆಚಾರ್ರು ಮಾಲೂರು ಬಸ್ ಸ್ಟ್ಯಾಂಡಿನಲ್ಲಿ ಎಷ್ಟೋ ಸಲ ಸಿಕ್ಕರು. ಕಾಫಿ ಕುಡಿದೆವು. ನೀವು ಮೊದಲೇ ಹೇಳಿದ್ದಿರಾ ಎಂದು ಕೇಳಲಿಲ್ಲ. ಕೇಳಿದ್ದರೆ "ನಾನ್ ಹೇಳ್ಲಿಲ್ಲ ಸಾರ್" ಎಂದೇ ಅನ್ನುತ್ತಿದ್ದರು, ನಾನು ಅದನ್ನು ಒಂದು ಪ್ರಶ್ನೆಯನ್ನೂ ಹಾಕದೆ ನಂಬಿಬಿಡುತ್ತಿದ್ದೆ.